ಪುಟ್ಟ ಮಕ್ಕಳಿಗೆ ಗೇಮ್ ಆರಿಸುವ ಎಂಟು ಸೂತ್ರಗಳು

ಸಂಜೆ ಐದು ಗಂಟೆಗೆ ವಿದ್ಯಾರಣ್ಯಪುರದ ಎಷ್ಟೋ ಮನೆಗಳಲ್ಲಿ ಮಕ್ಕಳ ಉಸ್ತುವಾರಿ ತಾತ-ಅಜ್ಜಿಯರದು. ಅಪ್ಪ-ಅಮ್ಮ ಮಾನ್ಯತಾ ಟೆಕ್ ಪಾರ್ಕಿನಿಂದ ಹೊರಟು ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡಿರುತ್ತಾರೆ. ಬಿಇಎಲ್ಲೋ ಎಚ್‌ಎಂಟಿಯೋ ಬಿಟ್ಟು ನಿವೃತ್ತರಾದ ತಾತ, ಮೊಮ್ಮಗನ ಹಟಕ್ಕೆ ಸೋತು ಫೋನ್ ಕೊಟ್ಟಾಗಿರುತ್ತದೆ. ಯಾವ ಗೇಮ್ ಎಂದು ತೀರ್ಮಾನಿಸುವುದು ಆಗ ಮಗುವೇ. ಆ ತೀರ್ಮಾನ ದೊಡ್ಡವರ ಕೈಯಲ್ಲಿ ಮೊದಲೇ ಆಗಿರಲಿ. ಹತ್ತು ವರ್ಷದೊಳಗಿನವರಿಗೆ ಗೇಮ್ ಆರಿಸುವುದು ಹೀಗೆ.

1. ವಯಸ್ಸಿನ ಅಂಕಿ ನೋಡದೆ ಡೌನ್‌ಲೋಡ್ ಬೇಡ

ಪ್ಲೇ ಸ್ಟೋರ್‌ನಲ್ಲಿ ಪ್ರತಿ ಗೇಮ್‌ಗೂ 3+, 7+, 12+, 16+, 18+ ಎಂಬ ಗುರುತುಗಳಲ್ಲಿ ಒಂದಿರುತ್ತದೆ. ಆರು ವರ್ಷದ ಮಗುವಿಗೆ 3+ ಮಾತ್ರ. ‘ನಮ್ಮ ಹುಡುಗ ಚೂಟಿ, 12+ ಆದರೂ ಆಡ್ತಾನೆ’ ಅನ್ನುವವರಿದ್ದಾರೆ. ಆಡುತ್ತಾನೆ, ನಿಜ. ಆದರೆ ಆ ಅಂಕಿ ಹೇಳುವುದು ಆಟ ಎಷ್ಟು ಕಷ್ಟ ಎಂದಲ್ಲ. ಅದರಲ್ಲಿ ಹೊಡೆದಾಟ, ರಕ್ತ, ಬೈಗುಳ, ಜೂಜು ಎಷ್ಟಿದೆ ಎಂದು.

ಜಿಟಿಎ ಸರಣಿಯನ್ನೇ ನೋಡಿ. ಅದನ್ನು ಹೊರತರುವ ರಾಕ್‌ಸ್ಟಾರ್ ಕಂಪನಿಗೆ ನಮ್ಮ ಬೆಂಗಳೂರಿನಲ್ಲೇ ಸ್ಟುಡಿಯೋ ಇದೆ. 1997ರಲ್ಲಿ ಇಲ್ಲೇ ಹುಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಅದು ಕೊಂಡುಕೊಂಡಿತು. ನಮ್ಮೂರಿನವರ ಕೈಚಳಕ ಅದರಲ್ಲಿರುವುದು ಹೆಮ್ಮೆಯ ಮಾತೇ. ಆದರೂ ಜಿಟಿಎ 5ಕ್ಕೆ ಯುರೋಪಿನಲ್ಲಿ ಸಿಕ್ಕಿರುವ ಗುರುತು 18. ಅಣ್ಣ ಆಡುತ್ತಾನೆಂದು ತಮ್ಮನನ್ನು ಪಕ್ಕದಲ್ಲಿ ಕೂರಿಸಬೇಡಿ.

2. ‘ಫ್ರೀ’ ಗೇಮ್‌ಗೆ ಅನುಮಾನ, ದುಡ್ಡು ಕೊಟ್ಟ ಗೇಮ್‌ಗೆ ಮಣೆ

ನನ್ನ ಮಟ್ಟಿಗೆ ಇದೇ ಮುಖ್ಯ ಸೂತ್ರ. ಪುಕ್ಕಟೆ ಗೇಮ್ ಎರಡು ದಾರಿಯಲ್ಲಿ ಸಂಪಾದಿಸುತ್ತದೆ: ನಡುನಡುವೆ ಜಾಹೀರಾತು, ಇಲ್ಲವೇ ಒಳಗೇ ಅಂಗಡಿ. ವಜ್ರ, ನಾಣ್ಯ, ಹೊಸ ಬಟ್ಟೆ, ಒಳಗೇನಿದೆಯೋ ಗೊತ್ತಿಲ್ಲದ ಪೆಟ್ಟಿಗೆ. ಗೇಮ್‌ನ ಪುಟದಲ್ಲೇ ‘ಜಾಹೀರಾತುಗಳಿವೆ’, ‘ಆ್ಯಪ್‌ನೊಳಗೆ ಖರೀದಿ ಇದೆ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಎರಡೂ ಇದ್ದರೆ ಪುಟ್ಟ ಮಕ್ಕಳಿಗೆ ಬೇಡ.

ಈ ಅಂಗಡಿಗಳ ಜಾಣತನ ಸಣ್ಣದಲ್ಲ. ಫೋರ್ಟ್‌ನೈಟ್ ತಯಾರಿಸಿದ ಎಪಿಕ್ ಗೇಮ್ಸ್ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜತೆ ರಾಜಿಗೆ ಬಂದು 52 ಕೋಟಿ ಡಾಲರ್ ಕೊಡಲು ಒಪ್ಪಿತು. ಒಂದೇ ಗುಂಡಿ ಒತ್ತಿದರೆ ಗೊತ್ತಾಗದ ಹಾಗೆ ಖರೀದಿ ಆಗಿಬಿಡುವಂತೆ ಪರದೆಯನ್ನು ಜೋಡಿಸಿದ್ದರೆಂಬುದು ಒಂದು ಆರೋಪ. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಬಣ್ಣದ ಬಟ್ಟೆ ಮಾರುವ ಗೇಮ್ ಅಂಗಡಿ ಅದರಿಂದ ಮುಚ್ಚಲಿಲ್ಲ.

ಒಮ್ಮೆ ದುಡ್ಡು ಕೊಟ್ಟರೆ ಮತ್ತೆ ಕೇಳದ ಗೇಮ್ ಕೊನೆಗೆ ಅಗ್ಗವೇ. ಲಾಭದ ಉದ್ದೇಶವಿಲ್ಲದವರು ಮಾಡಿದ ಪುಕ್ಕಟೆ ಆ್ಯಪ್‌ಗಳು ಇದಕ್ಕೆ ಹೊರತು: 2ರಿಂದ 8 ವರ್ಷದವರಿಗೆ ಖಾನ್ ಅಕಾಡೆಮಿ ಕಿಡ್ಸ್; 5ರಿಂದ 7ರವರಿಗೆ ಸ್ಕ್ರ್ಯಾಚ್ ಜೂನಿಯರ್. ಎರಡರಲ್ಲೂ ಜಾಹೀರಾತಿಲ್ಲ. ಸ್ಕ್ರ್ಯಾಚ್ ಜೂನಿಯರ್‌ನಲ್ಲಿ ಮಗು ತಾನೇ ಚಿತ್ರ ಬರೆದು, ಅದನ್ನು ಕುಣಿಸಿ, ಕಥೆ ಕಟ್ಟುತ್ತದೆ. ನನ್ನ ಮೊದಲ ಮತ ಅದಕ್ಕೆ.

3. ತಾತನ ಫೋನ್‌ಗೆ ಬೇಲಿ ಹಾಕಿ

ತಾತನ ಅಕೌಂಟ್‌ನಲ್ಲಿ ಆಡುವ ಏಳು ವರ್ಷದ ಮಗು, ಕಂಪನಿಯ ಲೆಕ್ಕದಲ್ಲಿ 68 ವರ್ಷದ ಹಿರಿಯ. ಮಕ್ಕಳಿಗಾಗಿ ಇಟ್ಟ ಮಿತಿಗಳೆಲ್ಲ ಅಲ್ಲಿಗೆ ಮುಗಿದವು. ಮೇಲಾಗಿ ಅದೇ ಫೋನ್‌ನಲ್ಲಿ ಪಿಂಚಣಿ ಖಾತೆಯ ಯುಪಿಐ!

ಮಗುವಿಗೆಂದೇ ಬೇರೆ ಟ್ಯಾಬ್ ಇದ್ದರೆ ಮಗುವಿನ ಹೆಸರಲ್ಲಿ ಅಕೌಂಟ್ ತೆರೆದು ಗೂಗಲ್ ಫ್ಯಾಮಿಲಿ ಲಿಂಕ್‌ಗೆ ಸೇರಿಸಿ. ನಿಮ್ಮ ಒಪ್ಪಿಗೆಯಿಲ್ಲದೆ ಆ್ಯಪ್ ಇಳಿಯದಂತೆ ಮಾಡಬಹುದು. ಒಂದೇ ಫೋನ್ ಆದರೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪೇರೆಂಟಲ್ ಕಂಟ್ರೋಲ್ ಹಾಕಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಒಂದೇ ಆ್ಯಪ್‌ನಲ್ಲಿ ಮಗುವನ್ನು ಕಟ್ಟಿಹಾಕುವ ‘ಆ್ಯಪ್ ಪಿನ್ನಿಂಗ್’ ಆಂಡ್ರಾಯ್ಡ್‌ನಲ್ಲಿದೆ, ಐಫೋನ್‌ನಲ್ಲಿ ‘ಗೈಡೆಡ್ ಆ್ಯಕ್ಸೆಸ್’. ಭಾನುವಾರ ತಾತನ ಪಕ್ಕ ಕೂತು ಕಲಿಸಿಕೊಡಿ. ಯುಪಿಐ ಪಿನ್ ಮೊಮ್ಮಗನಿಗೆ ಗೊತ್ತಾಗಿದ್ದರೆ ಇವತ್ತೇ ಬದಲಿಸಿ.

4. ಅಪರಿಚಿತರು ಮಾತಾಡಿಸುವ ಗೇಮ್ ಬೇಡವೇ ಬೇಡ

ಬಿಇಎಲ್ ಲೇಔಟಿನ ಪಾರ್ಕಿನಲ್ಲಿ ಗುರುತಿಲ್ಲದವರು ಮಗುವಿನ ಪಕ್ಕ ಕೂತು ಹೆಸರು, ಶಾಲೆ ವಿಚಾರಿಸಿದರೆ ಎದ್ದು ಓಡುತ್ತೀರಿ. ಗೇಮ್ ಚಾಟ್‌ನಲ್ಲಿ ನಡೆಯಬಹುದಾದದ್ದು ಅದೇ, ಮುಖ ಮಾತ್ರ ಕಾಣುವುದಿಲ್ಲ. ಎಪಿಕ್ ಮೇಲಿನ ಇನ್ನೊಂದು ದೂರು ಇದೇ ಆಗಿತ್ತು: ಮಕ್ಕಳಿಗೂ ಚಾಟ್ ತಾನಾಗಿಯೇ ಆನ್ ಆಗಿರುತ್ತಿತ್ತು. ರೋಬ್ಲಾಕ್ಸ್‌ನದು ಮತ್ತೊಂದು ಕಥೆ. ಅದು ಒಂದು ಗೇಮ್ ಅಲ್ಲ, ಯಾರ‍್ಯಾರೋ ಮಾಡಿಟ್ಟ ಲೆಕ್ಕವಿಲ್ಲದಷ್ಟು ಗೇಮ್‌ಗಳ ಸಂತೆ. ಕೂತು ಸೆಟ್ಟಿಂಗ್ಸ್ ನೋಡುವಷ್ಟು ಪುರಸೊತ್ತು ಇಲ್ಲದವರು ಅದರ ಗೊಡವೆಗೆ ಹೋಗದಿರುವುದೇ ವಾಸಿ.

5. ಏರೋಪ್ಲೇನ್ ಮೋಡ್ ಪರೀಕ್ಷೆ

ಇಂಟರ್ನೆಟ್ ಆಫ್ ಮಾಡಿ ಗೇಮ್ ತೆರೆಯಿರಿ. ಆಡಲು ಬಂದರೆ ಅರ್ಧ ಪಾಸು. ನೆಟ್ ಇಲ್ಲದಿದ್ದರೆ ಚಾಟ್ ಇಲ್ಲ, ಹೊಸ ಜಾಹೀರಾತೂ ಬರದು.

6. ಮೊದಲು ನೀವು ಆಡಿ

ಅರ್ಧ ಗಂಟೆ ಸಾಕು. ಸೋತಾಗ ಏನು ಕೇಳುತ್ತದೆ? ಜಾಹೀರಾತು ನೋಡು ಅನ್ನುತ್ತದೆಯೋ, ಇನ್ನೊಮ್ಮೆ ಪ್ರಯತ್ನಿಸು ಅನ್ನುತ್ತದೆಯೋ? ಆಟ ಬಿಟ್ಟು ಹೊರಟರೆ ‘ನಾಳೆ ಬರದಿದ್ದರೆ ಬಹುಮಾನ ಹೋಯಿತು’ ಎಂದು ಹೆದರಿಸುತ್ತದೆಯೋ? ಹೆದರಿಸಿದರೆ ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿ.

7. ಕೊನೆಯಿರುವ ಆಟ ಆರಿಸಿ, ಹೊತ್ತಿಗೂ ಕೊನೆಯಿರಲಿ

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದ್ದು: ಎರಡು ವರ್ಷದೊಳಗೆ ಪರದೆಯೇ ಬೇಡ, 2ರಿಂದ 5ರವರೆಗೆ ಒಂದು ಗಂಟೆ ಮೀರಬಾರದು, 5ರಿಂದ 10ರವರೆಗೆ ಎರಡು ಗಂಟೆಗಿಂತ ಕಡಿಮೆ. ಟಿವಿಯೂ ಈ ಲೆಕ್ಕದೊಳಗೇ ಬರುತ್ತದೆ, ಮರೆಯಬೇಡಿ. ಓಡುತ್ತಲೇ ಇರುವ, ಮುಗಿಯದ ಗೇಮ್ ಕೊಟ್ಟು ‘ಸಾಕು, ಇಡು’ ಎಂದರೆ ರಂಪ ಆಗದೆ ಇರುತ್ತದೆಯೇ? ಒಗಟು, ಜೋಡಿಸುವ ಆಟ, ಹಂತ ಹಂತವಾಗಿ ಮುಗಿಯುವ ಕಥೆ ಕೊಡಿ. ‘ಈ ಹಂತ ಮುಗಿಸಿ ಕೊಡು’ ಎಂದರೆ ಮಗು ಕೇಳುತ್ತದೆ.

8. ಕೈಮೀರಿದೆ ಅನ್ನಿಸಿದರೆ ಕಾಯಬೇಡಿ

ಊಟ, ನಿದ್ದೆ, ಶಾಲೆ ತಪ್ಪುತ್ತಿದ್ದರೆ, ಫೋನ್ ಕಿತ್ತುಕೊಂಡರೆ ಮಗು ಹೊಡೆಯಲು ಬರುತ್ತಿದ್ದರೆ, ಬೈದು ಪ್ರಯೋಜನವಿಲ್ಲ. ಇಂಥ ತೊಂದರೆಗಳಿಗೆಂದೇ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ಆರಂಭಿಸಿತು. ವಿದ್ಯಾರಣ್ಯಪುರಕ್ಕೆ ಅದು ಊರಿನ ಇನ್ನೊಂದು ತುದಿ. ಹಾಗಾಗಿ ಮೊದಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಖಾತೆಯಿಂದ ಯಾರಾದರೂ ಮೋಸದಿಂದ ಹಣ ಎತ್ತಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಟೆಲಿ ಮಾನಸ್ ಕರೆ ಉಚಿತ, ಹಗಲು-ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.