ತಂದೆಯನ್ನು ಹಿಂದೆ ಬಿಟ್ಟು ಹೋಗದಿರಿ

ವಯಸ್ಸಾದ ತಂದೆ ಅಥವಾ ತಾಯಿಯೊಂದಿಗೆ ನೀವು ಎಂದಾದರೂ ಗುಡ್ಡ ಹತ್ತಿದ್ದೀರಾ?

ಬೈಲಹೊಂಗಲದ ಎರೆಹೊಲಗಳ ನಡುವೆ ಬೆಳೆದವರಿಗೆ ಸವದತ್ತಿಯ ಗುಡ್ಡಸಾಲು ದೂರದಿಂದ ಚಿಕ್ಕದಾಗಿಯೇ ಕಾಣುತ್ತದೆ. ಮಲಪ್ರಭಾ ನದಿ ನವಿಲುತೀರ್ಥದಲ್ಲಿ ಈ ಸಾಲನ್ನು ಸೀಳಿಕೊಂಡು ರಾಮದುರ್ಗದತ್ತ ಹರಿಯುತ್ತದೆ. ಗುಡ್ಡದ ಎತ್ತರ ತಿಳಿಯುವುದು ಹತ್ತತೊಡಗಿದಾಗಲೇ.

ಕೆಲವು ವರ್ಷಗಳ ಹಿಂದೆ ತಂದೆಯವರೊಂದಿಗೆ ಸವದತ್ತಿಯಿಂದ ಪರಸಗಡದ ಹಾಳುಕೋಟೆಗೆ ನಡೆದು ಹೊರಟೆ. ಯೌವನದಲ್ಲಿ ಬಟ್ಟೆಯ ಗಂಟು ಹೊತ್ತು ಕಿತ್ತೂರಿನಿಂದ ರಾಮದುರ್ಗದವರೆಗೆ ಸಂತೆ ತಿರುಗಿದವರು ಅವರು. ಬಾಲ್ಯದಲ್ಲಿ ನಾನು ದಣಿದರೆ ಗಂಟಿನ ಜೊತೆ ನನ್ನನ್ನೂ ಹೆಗಲಿಗೇರಿಸುತ್ತಿದ್ದರು. ಅಂದು ನಾನು ಸರಸರನೆ ಮೇಲೇರಿ, "ಬೇಗ ಬನ್ನಿ, ಬಿಸಿಲೇರುತ್ತಿದೆ" ಎಂದು ಕೂಗಿದೆ. ಉತ್ತರ ಬರಲಿಲ್ಲ. ಇಳಿದು ಬಂದು ನೋಡಿದರೆ, ಬಂಡೆಗೊರಗಿ ಮೊಣಕಾಲು ಹಿಡಿದು ಕುಳಿತಿದ್ದರು. ಕುಡಿಯುವ ನೀರು ನನ್ನ ಚೀಲದಲ್ಲಿತ್ತು! ಅವರು ಏನೂ ಅನ್ನಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮಾತಾಪಿತರು ವೃದ್ಧಾಪ್ಯ ತಲುಪಿದಾಗ ಅವರೆದುರು 'ಛೆ' ಎಂಬ ಉದ್ಗಾರವೂ ಬಾಯಿಂದ ಹೊರಡಬಾರದೆಂದು ಪವಿತ್ರ ಕುರ್‌ಆನಿನ 17ನೇ ಅಧ್ಯಾಯದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಮನೆಯಲ್ಲಿ ಕುಳಿತಾಗ ಈ ಆಜ್ಞೆ ಸುಲಭ. ಆದರೆ ಕಡಿದಾದ ದಾರಿಯಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಅವರು ನಿಂತಾಗ ಏನಾಗುತ್ತದೆ? ಬಾಯಿಂದ 'ಛೆ' ಬರದಿರಬಹುದು, ನಮ್ಮ ಕಾಲುಗಳು ಅದನ್ನೇ ಹೇಳುತ್ತವೆ.

ಅದೇ ಗ್ರಂಥದ 37ನೇ ಅಧ್ಯಾಯದಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಮಗ ತಂದೆಯೊಂದಿಗೆ ಓಡಾಡುವ ವಯಸ್ಸಿಗೆ ಬಂದ ಪ್ರಸ್ತಾಪವಿದೆ. ಅಲ್ಲಿರುವ ಅರಬಿ ಪದ, ಸಫಾ-ಮರ್ವಾ ಗುಡ್ಡಗಳ ನಡುವಣ 'ಸಈ'ಯ ಪದವೇ. ಮಗ ತಂದೆಯ ಜೊತೆ ನಡೆಯಬಲ್ಲವನಾಗುವುದು ಒಂದು ಘಟ್ಟ. ತಂದೆ ಮಗನ ಜೊತೆ ನಡೆಯಲಾರದವನಾಗುವುದು ಇನ್ನೊಂದು ಘಟ್ಟ. ಮೊದಲನೆಯದರಲ್ಲಿ ತಂದೆ ತನ್ನ ಹೆಜ್ಜೆಯನ್ನು ಕಿರಿದಾಗಿಸಿಕೊಂಡ. ಎರಡನೆಯದರಲ್ಲಿ ಸರದಿ ಯಾರದು?

ಹ. ಅಬೂಹುರೈರಾ(ರ) ಒಬ್ಬನಿಗೆ ತಂದೆಯ ಮುಂದೆ ನಡೆಯಬಾರದೆಂದು ಉಪದೇಶಿಸಿದ್ದರು. ಪ್ರವಾದಿವರ್ಯರು(ಸ) ಪ್ರಯಾಣದಲ್ಲಿ ತಂಡದ ಹಿಂದೆ ಉಳಿದು ದುರ್ಬಲರನ್ನು ಮುನ್ನಡೆಸುತ್ತಿದ್ದರು, ತಮ್ಮ ಹಿಂದೆ ವಾಹನಕ್ಕೇರಿಸಿಕೊಳ್ಳುತ್ತಿದ್ದರು, ಅವರಿಗಾಗಿ ಪ್ರಾರ್ಥಿಸುತ್ತಿದ್ದರೆಂದು ಹ. ಜಾಬಿರ್(ರ) ವರದಿ ಮಾಡಿದ್ದಾರೆ. ನಮಾಝಿನ ಇಮಾಮನಿಗೂ ಅತ್ಯಂತ ದುರ್ಬಲನನ್ನು ಗಮನದಲ್ಲಿಡಲು ಅವರು ಆದೇಶಿಸಿದ್ದರು. ದೇಹಬಲವಿದ್ದವನು ಮುಂದೋಡುವುದು ಸಾಮರ್ಥ್ಯವಿರಬಹುದು. ಹಿಂದುಳಿದು ಕೈಹಿಡಿಯುವುದು ಸುನ್ನತ್ತಾಗಿದೆ.

ಆದ್ದರಿಂದ ಹೊರಡುವ ಮೊದಲೇ ಕೆಲವು ವಿಷಯ ನೆನಪಿಡಿ. ಬೆಳಗಿನ ಫಜ್ರ್ ಮುಗಿಸಿ ತಂಪಿನಲ್ಲೇ ಹೊರಡಿ. ನೀರು, ರೊಟ್ಟಿ, ಔಷಧಿ ಅವರ ಕೈಗೆಟಕುವಂತಿರಲಿ. ಸಡಿಲ ಕಲ್ಲು, ಜಾರುವ ಇಳಿಜಾರು ಇದ್ದಲ್ಲಿ ಮಾತ್ರ ಮುಂದೆ ಹೋಗಿ ದಾರಿ ನೋಡಿ, ಕೈ ಚಾಚಿ. ಏರುವಾಗ ತಕ್ಬೀರ್, ಇಳಿಯುವಾಗ ತಸ್ಬೀಹ್ ಹೇಳುವುದು ಸಹಾಬಿಗಳ ಪದ್ಧತಿ. ಅವರ ದನಿ ಏದುಸಿರಾಗಿದ್ದರೆ ಅದೇ ನಿಲ್ಲುವ ಸೂಚನೆ. ಅರ್ಧದಿಂದ ಮರಳಬೇಕಾದರೆ ಮುಖ ಬಾಡಿಸಬೇಡಿ. ಹಜ್ಜ್‌ಗೆ ಹೋದವರಿಗೂ ಇದು ಅನ್ವಯ. ಹಿರಾ ಗುಹೆ ಹತ್ತುವುದು ಹಜ್ಜ್‌ನ ಕರ್ಮವಲ್ಲ, ವೃದ್ಧ ತಾಯಿಯನ್ನು ಅದಕ್ಕಾಗಿ ದಣಿಸಬೇಡಿ.

ತಾಯಿಯನ್ನು ಬೆನ್ನ ಮೇಲೆ ಹೊತ್ತು ಕಅಬಾದ ಪ್ರದಕ್ಷಿಣೆ ಮಾಡಿದ ಯಮನ್‌ನ ಒಬ್ಬಾತ, ಋಣ ತೀರಿತೇ ಎಂದು ಹ. ಇಬ್ನು ಉಮರ್(ರ)ರನ್ನು ಕೇಳಿದ. ಹೆರಿಗೆಯ ಒಂದು ನೋವಿಗೂ ಅದು ಸಮವಾಗಲಿಲ್ಲವೆಂದೇ ಉತ್ತರ ಬಂತು. ಹಾಗಿರುವಾಗ ಗುಡ್ಡದ ದಾರಿಯಲ್ಲಿ ಸ್ವಲ್ಪ ಹೊತ್ತು ಕಾಯುವುದು ಎಷ್ಟರ ಸೇವೆ?

ನನ್ನ ತಂದೆ ಈಗ ಮಸೀದಿಯವರೆಗಷ್ಟೇ ನಡೆಯುತ್ತಾರೆ. ನಾನು ಅವರ ಒಂದು ಹೆಜ್ಜೆ ಹಿಂದೆ ನಡೆಯುತ್ತೇನೆ. ನಿಮ್ಮ ತಂದೆ-ತಾಯಿ ಇನ್ನೂ ನಡೆಯುತ್ತಿದ್ದರೆ ಇಂದೇ ಅವರ ಜೊತೆ ಹೊರಡಿ. ಅವರು ಅಗಲಿದ್ದರೆ ಅವರಿಗಾಗಿ ಕೈಯೆತ್ತಿ ಪ್ರಾರ್ಥಿಸಿ. ಬಾಲ್ಯದಲ್ಲಿ ನಮ್ಮನ್ನು ಸಲಹಿದವರ ಮೇಲೆ ಅಲ್ಲಾಹನು ಕರುಣೆ ತೋರಲಿ. ಆಮೀನ್.