ಅಪ್ರದಕ್ಷಿಣೆಯ ಸುತ್ತು

ಮೇಗರವಳ್ಳಿಯವರಿಗೆ ಸಮುದ್ರ ದೂರವಲ್ಲ. ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ದಾಟಿದರೆ ಕರಾವಳಿಯೇ. ಆದರೂ ನಮ್ಮವ್ವ ಎಪ್ಪತ್ತು ದಾಟಿದರೂ ಸಮುದ್ರದ ನೀರಿಗೆ ಕಾಲಿಟ್ಟಿರಲಿಲ್ಲ. ಗದ್ದೆ, ತೋಟ, ಕೊಟ್ಟಿಗೆ ಅವಳನ್ನು ಬಿಟ್ಟಿದ್ದೇ ಇಲ್ಲ. ಅವಳಿಗೆಂದೇ ಒಂದು ಡಿಸೆಂಬರಿನಲ್ಲಿ ಒಂದು ದಿನದ ಸುತ್ತು ಹಾಕಿಕೊಂಡೆ. ಆಗುಂಬೆಯಲ್ಲಿ ಇಳಿದು ಕುಂದಾಪುರ, ಮರವಂತೆ, ಬೈಂದೂರು ನೋಡಿ, ಕೊಲ್ಲೂರಲ್ಲಿ ಕೈಮುಗಿದು, ನಾಗೋಡಿಯಲ್ಲಿ ಘಾಟಿ ಹತ್ತಿ ನಗರ ಎಂಬ ಊರಿನ ಮೇಲೆ ಮನೆಗೆ. ಹೋದ ದಾರಿಯಲ್ಲೇ ವಾಪಸು ಬರಬಾರದು ಅನ್ನುವುದು ನನ್ನ ಹಟ.

ಕಿಲೋಮೀಟರಿನ ಲೆಕ್ಕ ಹಾಕಿದ್ದೆ, ಬಿಸಿಲಿನ ಲೆಕ್ಕ ಹಾಕಿರಲಿಲ್ಲ. ಬೆಳಿಗ್ಗೆ ಆಗುಂಬೆಯ ಸೂರ್ಯಾಸ್ತದ ಜಾಗದಲ್ಲಿ ನಿಂತರೆ ಕೆಳಗೆ ಬರೀ ಮಂಜು. ಹೊಟ್ಟೆ ತುಂಬ ಕಡುಬು ತಿಂದು ಹೊರಟಿದ್ದ ಅವ್ವನಿಗೆ, ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಇಳಿಯುವಷ್ಟರಲ್ಲೇ ವಾಂತಿ. ಹೆಬ್ರಿಯಲ್ಲಿ ಮಲಗಿಸಿ, ಸುಧಾರಿಸಿಕೊಂಡು ಮರವಂತೆ ಮುಟ್ಟಿದಾಗ ನಡುಮಧ್ಯಾಹ್ನ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಅಷ್ಟು ಚಂದದ ಜಾಗದಲ್ಲಿ ಮರಳು ಕಾದು ಕಾಲಿಡುವಂತಿರಲಿಲ್ಲ. ಅವ್ವ ಕಾರಿನ ಬಾಗಿಲು ತೆರೆದು, ಸೆರಗು ತಲೆಗೆ ಹಾಕಿಕೊಂಡು, ಕೂತಲ್ಲಿಂದಲೇ ನೋಡಿದಳು.

ಕೊಲ್ಲೂರು ಬಿಡುವಾಗ ಕತ್ತಲೆ. ಅಭಯಾರಣ್ಯದ ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಪೆಟ್ರೋಲ್ ಮುಳ್ಳು ಕೆಳಗಿಳಿದಿತ್ತು. ಕೆಳದಿ ಅರಸರ ರಾಜಧಾನಿಯಾಗಿದ್ದು 1763ರಲ್ಲಿ ಹೈದರಾಲಿಯ ಪಾಲಾದ ನಗರದ ಕೋಟೆ, ಹೆಡ್‌ಲೈಟಿನ ಬೆಳಕಿಗೆ ಒಂದು ಗಳಿಗೆ ಕಲ್ಲುಗೋಡೆಯಾಗಿ ಕಂಡು ಹಿಂದೆ ಹೋಯಿತು. ಹಿಂದಿನ ಸೀಟಿನಿಂದ ಅವ್ವ ಮತ್ತೆ ಮತ್ತೆ ಕೇಳುತ್ತಿದ್ದಳು, "ಮನೆ ಬಂತೇನೋ?" ಆ ದನಿ ನನ್ನನ್ನು ವರ್ಷವಿಡೀ ಬಿಡಲಿಲ್ಲ.

ಮರುವರ್ಷ ಅದೇ ಸುತ್ತನ್ನು ಚಿಕ್ಕದು ಮಾಡಿ, ಉಲ್ಟಾ ತಿರುಗಿಸಿದೆ. ಬೆಳಗಿನ ಜಾವ ತೀರ್ಥಹಳ್ಳಿ, ಯಡೂರು, ಮಾಸ್ತಿಕಟ್ಟೆ ಮೇಲೆ ಹುಲಿಕಲ್ ಘಾಟಿ ಇಳಿಯುವುದು. ಸಂಜೆ ಆಗುಂಬೆ ಹತ್ತುವುದು. "ಅಪ್ರದಕ್ಷಿಣೆ ಯಾಕೋ?" ಎಂದಳು ಅವ್ವ. ಅವಳ ಮಾತಿನಲ್ಲಿ ಅರ್ಥವಿತ್ತು. ಎಡಗಡೆ ಗಾಡಿ ಓಡಿಸುವ ಶ್ರೀಲಂಕಾದಂಥ ದ್ವೀಪವನ್ನು ಪ್ರದಕ್ಷಿಣೆ ಹಾಕಿದರೆ ಕಡಲು ಸದಾ ನಮ್ಮ ಎಡಗಡೆ, ನಮ್ಮದೇ ಪಕ್ಕದಲ್ಲಿ. ನಮ್ಮ ಕರಾವಳಿಯಲ್ಲೂ ಉತ್ತರಕ್ಕೆ ಹೋಗುವಾಗ ಮಾತ್ರ ಹಾಗೆ. ದಕ್ಷಿಣಕ್ಕೆ ಬಂದರೆ ನಡುವೆ ಇಡೀ ರಸ್ತೆ ಅಡ್ಡ. ಅದಕ್ಕೇ ಕುಂದಾಪುರದಿಂದ ಮರವಂತೆಗೆ ಉತ್ತರಕ್ಕೆ ಹೋಗಿ ಬಂದು, ಆಮೇಲೆ ಉಡುಪಿಯ ಕಡೆ ತಿರುಗುವುದು ಎಂದು ಇಟ್ಟುಕೊಂಡೆ. ಅಷ್ಟು ದೂರ ಹೋದ ದಾರಿಯಲ್ಲೇ ವಾಪಸು ಬರಬೇಕಾಯಿತು, ಹಟ ಬಿಟ್ಟೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಆಸೆಯನ್ನೂ ಬಿಟ್ಟೆ. ಅದಕ್ಕೆ ಬೇರೆಯೇ ದಿನ ಬೇಕು.

ಮಳೆಗಾಲದಲ್ಲಿ ಈ ಸುತ್ತು ಬೇಡವೇ ಬೇಡ. ಘಾಟಿಗಳಲ್ಲಿ ಧರೆ ಕುಸಿಯುತ್ತದೆ, ಆಗುಂಬೆಯಲ್ಲಿ ಸೂರ್ಯ ಕಾಣುವುದೂ ಇಲ್ಲ. ನವೆಂಬರಿನಿಂದ ಜನವರಿ ಒಳ್ಳೆಯದು. ಹೊರಡುವ ಹಿಂದಿನ ದಿನ ಘಾಟಿ ತೆರೆದಿದೆಯೇ ಎಂದು ವಿಚಾರಿಸಿ, ಟ್ಯಾಂಕ್ ತುಂಬಿಸಿದೆ. ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕೈಗೊಂದು ನಿಂಬೆಹಣ್ಣು ಕೊಟ್ಟೆ. ಹುಲಿಕಲ್ ಘಾಟಿಯ ಚಂಡಿಕಾಂಬೆಯ ಗುಡಿ ಮುಂದೆ ನಿಂತು ಕೈಮುಗಿದು, ಎರಡನೇ ಗೇರಿನಲ್ಲೇ ಇಳಿದೆ. ಬ್ರೇಕ್ ತುಳಿದುಕೊಂಡೇ ಇಳಿಯಬಾರದು. ಇಳಿಯುವವರು ನಿಂತು, ಹತ್ತುವವರಿಗೆ ದಾರಿ ಕೊಡಬೇಕು. ಕಡುಬು ಡಬ್ಬಿಯಲ್ಲಿತ್ತು, ಘಾಟಿ ಇಳಿದ ಮೇಲೆ ಸಿದ್ದಾಪುರದಲ್ಲಿ ತಿಂದೆವು.

ಮರವಂತೆಯಲ್ಲಿ ಆಗ ಬೆಳಿಗ್ಗೆ ಒಂಬತ್ತು. ಸೂರ್ಯ ಬೆನ್ನ ಹಿಂದೆ, ಮರಳು ಇನ್ನೂ ತಣ್ಣಗೆ. ಅವ್ವ ಸೀರೆ ನೆರಿಗೆ ಎತ್ತಿ ಹಿಡಿದು ನೀರಿಗಿಳಿದಳು. ಅಲೆ ಹಿಂದೆ ಸರಿಯುವಾಗ ಪಾದದಡಿಯ ಮರಳು ಜಾರಿ ಒಮ್ಮೆ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಮರುಗಳಿಗೆಯೇ ಬಿಟ್ಟಳು. ಬಗ್ಗಿ ನೀರು ತೆಗೆದು ಕಣ್ಣಿಗೊತ್ತಿಕೊಂಡು, ನಾಲಿಗೆಗೂ ಮುಟ್ಟಿಸಿಕೊಂಡಳು.

ಉಡುಪಿಯಲ್ಲಿ ಊಟ, ಒಂದಿಷ್ಟು ನಿದ್ದೆ. ಮೂರಕ್ಕೇ ಹೊರಟೆವು. ಮಣಿಪಾಲ, ಹೆಬ್ರಿ ಮೇಲೆ ಆಗುಂಬೆಯ ಕೊನೆಯ ತಿರುವುಗಳಿಗೆ ಬಂದಾಗ ಐದೂಕಾಲು. ಗಾಡಿ ನಿಲ್ಲಿಸಲು ಜಾಗ ಸಿಗಬೇಕಾದರೆ ಇದಕ್ಕಿಂತ ತಡ ಮಾಡುವಂತಿಲ್ಲ. ಆರರ ಸುಮಾರಿಗೆ ಸೂರ್ಯ ಕೆಂಪಾಗಿ ಕೆಳಗಿಳಿದ. ಕಾಡು ಮುಗಿದು ಆಕಾಶ ಶುರುವಾಗುವಲ್ಲಿ, ತಾಮ್ರದ ತಂತಿಯಂತೆ ಕಡಲಿನ ಗೆರೆ ಹೊಳೆಯಿತು.

"ಬೆಳಿಗ್ಗೆ ನಾವು ನಿಂತಿದ್ದು ಅಲ್ಲೇನಾ?"

ಅದೇ ಕಡಲವ್ವ, ಇನ್ನೊಂದು ಚೂರು ಬಲಕ್ಕೆ, ಎಂದು ಕೈ ತೋರಿಸಿದೆ. ಅವ್ವ ನನ್ನ ಬೆರಳಿನ ನೇರಕ್ಕೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಲೇ ಇದ್ದಳು.