ಹಳೆಯ ಸ್ಪೀಕರ್ ದುರಸ್ತಿ: ಬಿಚ್ಚಿ ನೋಡಿದ ಮೇಲಿನ ಲೆಕ್ಕ

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಪಾಠ ಬರುತ್ತದೆ. ಕೊಂಡ ದಿನದಿಂದ ಒಂದು ಯಂತ್ರದ ಬೆಲೆ ವರ್ಷದಿಂದ ವರ್ಷಕ್ಕೆ ಹೇಗೆ ಇಳಿಯುತ್ತದೆ ಎಂದು ಅಲ್ಲಿ ಕಲಿಯುತ್ತೇವೆ. ಆ ಲೆಕ್ಕದಲ್ಲಿ ಇಡೀ ಯಂತ್ರಕ್ಕೆ ಒಂದೇ ಮೊತ್ತ. ಒಳಗೆ ಯಾವ ಭಾಗ ಸವೆದಿದೆ, ಯಾವ ಭಾಗ ಹಾಗೇ ಉಳಿದಿದೆ ಎಂಬುದು ಲೆಕ್ಕಪುಸ್ತಕಕ್ಕೆ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಬಿಚ್ಚಿಯೇ ನೋಡಬೇಕು. ಈ ದಸರಾ ರಜೆಯಲ್ಲಿ ಬಿಜೂರಿನ ನಮ್ಮ ಮನೆಯಲ್ಲಿ ಒಂದು ಜೊತೆ ಹಳೆಯ ಸ್ಪೀಕರ್‌ಗಳನ್ನು ಸರಿಮಾಡಿದೆ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನ ವಿಭಾಗದ ಗೆಳೆಯರಿಗೆ ಇದರಲ್ಲಿ ಕೆಲವು ವಿಷಯ ಹಳೆಯದೇ ಇರಬಹುದು. ಆದರೂ ಕೊನೆಯ ಲೆಕ್ಕವನ್ನು ಅವರೂ ಓದಲಿ.

ಗಲ್ಫ್‌ನಿಂದ ಬಂದ ಪೆಟ್ಟಿಗೆಗಳು

1973ರ ನಂತರ ತೈಲದ ಬೆಲೆ ಏರಿ ಗಲ್ಫ್ ದೇಶಗಳಲ್ಲಿ ಕೆಲಸಗಳು ಹೆಚ್ಚಿದವು. ನಮ್ಮ ಕರಾವಳಿಯಿಂದ ಬಹಳ ಜನ ಅಲ್ಲಿಗೆ ಹೋದರು. 1991ರ ಆರ್ಥಿಕ ಸುಧಾರಣೆಗೆ ಮೊದಲು ನಮ್ಮ ದೇಶದಲ್ಲಿ ವಿದೇಶಿ ಸಾಮಾನಿನ ಆಮದಿಗೆ ಬಿಗಿ ನಿರ್ಬಂಧವಿತ್ತು, ಸುಂಕವೂ ಹೆಚ್ಚು. ಹಾಗಾಗಿ ರಜೆಗೆ ಊರಿಗೆ ಬರುವವರು ಟೇಪ್‌ರೆಕಾರ್ಡರ್, ಸ್ಟೀರಿಯೊ ಸೆಟ್‌ಗಳನ್ನು ತಾವೇ ಹೊತ್ತು ತರುತ್ತಿದ್ದರು. ಜಿದ್ದಾದಲ್ಲಿ ಕೆಲಸದಲ್ಲಿದ್ದ ನಮ್ಮ ದಾದಾ 1986ರಲ್ಲಿ ಅಂಥದೇ ಒಂದು ಸೆಟ್ ತಂದಿದ್ದರು. ಅದರ ಜೊತೆಗಿನ ಎರಡು ಸ್ಪೀಕರ್ ಪೆಟ್ಟಿಗೆಗಳಲ್ಲಿ ತಲಾ ಒಂದು 8 ಇಂಚಿನ ವೂಫರ್, ಒಂದು ಸಣ್ಣ ಟ್ವೀಟರ್ ಇವೆ.

ಆ ಕಾಲದಲ್ಲಿ ಗಲ್ಫ್‌ನಲ್ಲಿದ್ದವರು ಕಾಗದದ ಬದಲು ಕ್ಯಾಸೆಟ್‌ನಲ್ಲಿ ಮಾತು ತುಂಬಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುವ ರೂಢಿಯೂ ಇತ್ತು. ದಾದಾ ಕಳಿಸಿದ್ದ ಅಂಥ ನಾಲ್ಕು ಕ್ಯಾಸೆಟ್‌ಗಳ ಮಾತನ್ನು ಅಬ್ಬಾ ಕೆಲವು ವರ್ಷಗಳ ಹಿಂದೆ ಮೊಬೈಲ್‌ಗೆ ಹಾಕಿಸಿಟ್ಟಿದ್ದರು. ದಾದಾ ತೀರಿಕೊಂಡಾಗ ನನಗೆ ಆರು ವರ್ಷ. ಅವರ ಧ್ವನಿ ನನಗೆ ಗೊತ್ತಿರುವುದು ಆ ಮೊಬೈಲ್‌ನಿಂದ ಮಾತ್ರ.

ಈ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿಯಿತು. ಗುಜರಿಯವರು ಎರಡೂ ಪೆಟ್ಟಿಗೆಗೆ ಸೇರಿ 200 ರೂ. ಹೇಳಿದರು. ದಾದಿ “ಇವತ್ತು ಬೇಡ” ಎಂದಷ್ಟೇ ಹೇಳಿದರು. ಅಬ್ಬಾ ನನ್ನನ್ನು ಕರೆದು, “ಸರಿಯಾಗುತ್ತದಾ ನೋಡು. ಆಗದಿದ್ದರೆ ರಜೆ ಮುಗಿಯುವುದರೊಳಗೆ ಕೊಟ್ಟುಬಿಡೋಣ” ಎಂದರು.

ಸ್ಪೀಕರ್ ಹೇಗೆ ಕೆಲಸ ಮಾಡುತ್ತದೆ?

ಇಂದು ನಾವು ಬಳಸುವ ಸ್ಪೀಕರ್‌ನ ಮೂಲ ರೂಪವನ್ನು 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ವಿವರಿಸಿದರು. ಅದರ ತತ್ವ ಸರಳ. ಒಂದು ಶಾಶ್ವತ ಮ್ಯಾಗ್ನೆಟ್‌ನ ಕಿರಿದಾದ ಸಂದಿನಲ್ಲಿ ತೆಳ್ಳನೆಯ ತಂತಿಯ ಸುರುಳಿ ಇರುತ್ತದೆ. ಇದಕ್ಕೆ ವಾಯ್ಸ್ ಕಾಯಿಲ್ ಎನ್ನುತ್ತಾರೆ. ಆಂಪ್ಲಿಫೈಯರ್‌ನಿಂದ ಬರುವ ವಿದ್ಯುತ್ತು ಹರಿದಾಗ ಸುರುಳಿ ಹಿಂದೆ ಮುಂದೆ ಓಡಾಡುತ್ತದೆ. ಅದಕ್ಕೆ ಅಂಟಿಸಿದ ಕಾಗದದ ಕೋನ್ ಗಾಳಿಯನ್ನು ತಳ್ಳುತ್ತದೆ. ಆ ತಳ್ಳುವಿಕೆಯೇ ನಮಗೆ ಕೇಳುವ ಶಬ್ದ. ಯಕ್ಷಗಾನದ ರಂಗಸ್ಥಳದ ಪಕ್ಕದ ದೊಡ್ಡ ಪೆಟ್ಟಿಗೆಯಲ್ಲೂ ಕಿವಿಗೆ ಹಾಕುವ ಇಯರ್‌ಫೋನ್‌ನಲ್ಲೂ ಸಾಮಾನ್ಯವಾಗಿ ಇದೇ ತತ್ವ.

ಕೋನ್ ಸಲೀಸಾಗಿ ಓಡಾಡಬೇಕು, ಆದರೆ ಅತ್ತಿತ್ತ ವಾಲಬಾರದು. ಅದಕ್ಕಾಗಿ ಕೋನ್‌ನ ಹೊರಸುತ್ತಿಗೂ ಲೋಹದ ಚೌಕಟ್ಟಿಗೂ ನಡುವೆ ಒಂದು ಮೆತ್ತನೆಯ ಅಂಚು ಇರುತ್ತದೆ. ಹಳೆಯ ಎಷ್ಟೋ ಸ್ಪೀಕರ್‌ಗಳಲ್ಲಿ ಇದು ಪಾಲಿಯುರೆಥೇನ್ ಫೋಮ್‌ನದು. ಹಗುರ, ಮೆದು, ಅಗ್ಗ. ಆದರೆ ಗಾಳಿಯ ತೇವ ಮತ್ತು ಆಮ್ಲಜನಕದಿಂದ ಇದು ನಿಧಾನವಾಗಿ ಶಿಥಿಲವಾಗುತ್ತದೆ. ಸಾಮಾನ್ಯವಾಗಿ 10ರಿಂದ 20 ವರ್ಷಗಳಲ್ಲಿ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಬಳಸದೆ ಇಟ್ಟರೂ ಇದು ತಪ್ಪುವುದಿಲ್ಲ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ, ಸಮುದ್ರದ ಗಾಳಿ ಬೀಸುವ ನಮ್ಮ ಕಡೆ ಕೇಳುವುದೇ ಬೇಡ.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ಜಾಲರಿ ಬಟ್ಟೆ ತೆಗೆದಾಗ ಎರಡೂ ವೂಫರ್‌ಗಳ ಅಂಚು ಕಪ್ಪು ಅಂಟುಪುಡಿಯಾಗಿ ಉದುರಿತು. ನೋಡಿದವರು ಯಾರೂ ಇದು ಮುಗಿದ ಕತೆ ಎನ್ನಬೇಕು, ಹಾಗಿತ್ತು. ಪರಿಚಯದ ಒಬ್ಬ ರೇಡಿಯೊ ರಿಪೇರಿಯವರಿಗೆ ಒಂದು ವೂಫರ್ ತೋರಿಸಿದೆ. ಅವರು ಕೋನ್ ಅನ್ನು ಎರಡೂ ಕೈಬೆರಳುಗಳಿಂದ ಮೆಲ್ಲಗೆ ಒತ್ತಿ, “ಫೋಮ್ ಮಾತ್ರ ಹೋಯ್ತ್ ಮಾರಾಯಾ, ಕೋನ್ ಸರಿ ಇತ್ತ್. ಕಾಯಿಲ್ ಕಾಂಬ” ಎಂದು ಮಲ್ಟಿಮೀಟರ್ ಹಿಡಿದರು. ಅದನ್ನೇ ಎರಡು ದಿನದ ಮಟ್ಟಿಗೆ ನನಗೆ ಕೊಟ್ಟೂ ಕಳಿಸಿದರು. ನಾನು ನೋಡಿದ್ದು ಮೂರು ವಿಷಯ.

ಒಂದು, ವಾಯ್ಸ್ ಕಾಯಿಲ್. 8 ಓಮ್ ಎಂದು ಬರೆದ ಸ್ಪೀಕರ್‌ಗೆ ಮಲ್ಟಿಮೀಟರ್ ಹಚ್ಚಿದರೆ ಸುಮಾರು 6ರಿಂದ 7 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ಎಲ್ಲೋ ತುಂಡಾಗಿದೆ. ನಮ್ಮವು 6.3 ಮತ್ತು 6.5 ತೋರಿಸಿದವು.

ಎರಡು, ಟ್ವೀಟರ್. ಪೆಟ್ಟಿಗೆಯೊಳಗೆ ಟ್ವೀಟರ್‌ಗೆ ಹೋಗುವ ತಂತಿಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಅದು ದಪ್ಪ ಸ್ವರವನ್ನು ತಡೆದು, ತೆಳು ಸ್ವರವನ್ನು ಮಾತ್ರ ಒಳಗೆ ಬಿಡುತ್ತದೆ. ಮಲ್ಟಿಮೀಟರ್‌ನ ವಿದ್ಯುತ್ತನ್ನೂ ಅದು ತಡೆಯುತ್ತದೆ. ಆದ್ದರಿಂದ ಟ್ವೀಟರ್‌ನ ತಂತಿಯನ್ನು ಬಿಡಿಸಿ ನೇರವಾಗಿ ಅಳೆಯಬೇಕು. ಇಲ್ಲದಿದ್ದರೆ ಸರಿ ಇರುವ ಟ್ವೀಟರ್ ಸಹ ಸತ್ತಂತೆ ಕಾಣುತ್ತದೆ.

ಮೂರು, ಆ ಕೆಪಾಸಿಟರ್. ಮೇಲೆ 4.7 ಮೈಕ್ರೊಫ್ಯಾರಡ್ ಎಂದು ಬರೆದಿತ್ತು. ಅಳೆದರೆ ಒಂದರಲ್ಲಿ 2.9 ಮಾತ್ರ. ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಳಗೆ ಒಣಗಿ ಹೀಗಾಗುತ್ತವೆ. ಇದರ ಪರಿಣಾಮವನ್ನು ಲೆಕ್ಕ ಹಾಕಬಹುದು. 2, ಪೈ, ಓಮ್, ಫ್ಯಾರಡ್ ಈ ನಾಲ್ಕನ್ನೂ ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿದರೆ ಟ್ವೀಟರ್ ಎಲ್ಲಿಂದ ಹಾಡಲು ತೊಡಗುತ್ತದೆ ಎಂದು ತಿಳಿಯುತ್ತದೆ. 8 ಓಮ್‌ಗೆ 4.7 ಮೈಕ್ರೊಫ್ಯಾರಡ್ ಇದ್ದರೆ ಸುಮಾರು 4,200 ಹರ್ಟ್ಸ್, 2.9 ಇದ್ದರೆ ಸುಮಾರು 6,900 ಹರ್ಟ್ಸ್. ಅಂದರೆ ನಡುವಿನ ಸ್ವರಗಳು ಆ ಪೆಟ್ಟಿಗೆಯಲ್ಲಿ ಬಡವಾಗುತ್ತವೆ.

ಪರೀಕ್ಷೆಯ ಫಲಿತಾಂಶ ಇಷ್ಟು: ಮ್ಯಾಗ್ನೆಟ್, ಕಾಯಿಲ್, ಕೋನ್, ಟ್ವೀಟರ್, ಮರದ ಪೆಟ್ಟಿಗೆ ಎಲ್ಲವೂ ಸರಿ. ಹಾಳಾದದ್ದು ಎರಡು ಫೋಮ್ ಅಂಚು ಮತ್ತು ಎರಡು ಕೆಪಾಸಿಟರ್.

ದುರಸ್ತಿಯ ಕ್ರಮ

1. ಬಿಚ್ಚುವ ಮೊದಲು ಪ್ರತಿ ತಂತಿಯ ಫೋಟೊ ತೆಗೆದುಕೊಳ್ಳಿ. ಮ್ಯಾಗ್ನೆಟ್ ಬಲವಾಗಿ ಸೆಳೆಯುವುದರಿಂದ ಸ್ಕ್ರೂಡ್ರೈವರ್ ಜಾರಿ ಕೋನ್ ಹರಿಯಬಹುದು. ಎಡಗೈಯನ್ನು ಕೋನ್‌ಗೆ ಅಡ್ಡ ಇಟ್ಟುಕೊಳ್ಳಿ. ಆಂಪ್ಲಿಫೈಯರ್‌ನ ಮುಚ್ಚಳ ಮಾತ್ರ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

2. 8 ಇಂಚು ಎಂಬ ಹೆಸರು ನಂಬಿ ಹೊಸ ಅಂಚು ತರಿಸಬೇಡಿ. ಕೋನ್‌ನ ಅಗಲ, ಚೌಕಟ್ಟಿನ ಒಳ ಅಗಲ, ಹೊರ ಅಗಲ ಇವನ್ನು ಮಿ.ಮೀ.ನಲ್ಲಿ ಅಳೆಯಿರಿ. ಹಳೆಯ ಅಂಚು ಕೋನ್‌ನ ಮುಂಬದಿಗೆ ಅಂಟಿತ್ತೋ ಹಿಂಬದಿಗೋ ಎಂದೂ ಬರೆದಿಡಿ.

3. ಹಳೆಯ ಫೋಮ್ ಮತ್ತು ಅಂಟನ್ನು ಮೊಂಡು ಚಾಕುವಿನಿಂದ ಕೆರೆದು, ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಇದಕ್ಕೆ ತಾಳ್ಮೆ ಬೇಕು. ಒಂದು ವೂಫರ್‌ಗೆ ನನಗೆ ಎರಡು ಗಂಟೆ ಹಿಡಿಯಿತು.

4. ಹೊಸ ಅಂಚನ್ನು ಮೊದಲು ಕೋನ್‌ಗೆ ಮಾತ್ರ ಬಿಳಿ ಅಂಟಿನಿಂದ ಅಂಟಿಸಿ ಒಂದು ದಿನ ಬಿಡಿ. ಮಳೆ ಇದ್ದರೆ ಎರಡು ದಿನ.

5. ನಂತರ ಚೌಕಟ್ಟಿಗೆ ಅಂಟಿಸಿ. ಇಡೀ ಕೆಲಸದ ಜೀವ ಇರುವುದು ಇಲ್ಲಿ. ಕಾಯಿಲ್ ಸಂದಿನ ನಟ್ಟನಡುವೆ ಕೂರಬೇಕು. ಅಂಟು ಒಣಗುವ ಮೊದಲು ಕೋನ್ ಅನ್ನು ಮೆಲ್ಲಗೆ ಒತ್ತಿ ಬಿಡಿ. ಉಜ್ಜುವ ಸದ್ದು ಬಂದರೆ ಅಂಚನ್ನು ಕೂದಲೆಳೆಯಷ್ಟು ಸರಿಸಿ. ಮೊಬೈಲ್‌ನಿಂದ 30 ಹರ್ಟ್ಸ್‌ನ ಸ್ವರವನ್ನು ಬಹಳ ಸಣ್ಣದಾಗಿ ಹಾಕಿದರೆ ಕೋನ್ ಓಡಾಡುವುದು ಕಣ್ಣಿಗೇ ಕಾಣುತ್ತದೆ. ಅದು ಕರಕರ ಎನ್ನದೆ ಓಡಾಡಿದರೆ ನಡು ಸರಿ ಇದೆ.

6. ಕೆಪಾಸಿಟರ್ ಬದಲಿಸುವಾಗ ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟ್‌ನ ನಾನ್-ಪೋಲಾರ್ ತರಹದ್ದನ್ನೇ ಹಾಕಿ. ಎರಡೂ ಪೆಟ್ಟಿಗೆಗೆ ಒಟ್ಟಿಗೆ ಬದಲಿಸಿ.

7. ಕೊನೆಗೆ 1.5 ವೋಲ್ಟ್‌ನ ಸೆಲ್ ತೆಗೆದುಕೊಂಡು ಅದರ ಪ್ಲಸ್ ಅನ್ನು ಕೆಂಪು ತುದಿಗೂ ಮೈನಸ್ ಅನ್ನು ಕಪ್ಪು ತುದಿಗೂ ಒಂದು ಕ್ಷಣ ತಾಗಿಸಿ. ಎರಡೂ ಕೋನ್ ಹೊರಕ್ಕೆ ಬರಬೇಕು. ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಹೋದರೆ ಒಂದರ ತಂತಿ ಅದಲುಬದಲಾಗಿದೆ ಎಂದರ್ಥ. ಹಾಗೆ ಬಿಟ್ಟರೆ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ದಪ್ಪ ಸ್ವರ ಸೊರಗುತ್ತದೆ.

ಈಗ ಲೆಕ್ಕ

ಫೋಮ್ ಅಂಚು ಒಂದು ಜೊತೆ, ಕೊರಿಯರ್ ಸೇರಿ: 620 ರೂ.
ಬಿಳಿ ಅಂಟು: 60 ರೂ.
ಐಸೊಪ್ರೊಪೈಲ್ ಆಲ್ಕೊಹಾಲ್: 110 ರೂ.
ಕೆಪಾಸಿಟರ್ ಎರಡು: 80 ರೂ.
ಜಾಲರಿ ಬಟ್ಟೆ: 180 ರೂ.
ತಂತಿ, ರಬ್ಬರ್ ಕಾಲುಗಳು: 130 ರೂ.
ಒಟ್ಟು: 1,180 ರೂ.

ವಾಣಿಜ್ಯದ ವಿದ್ಯಾರ್ಥಿ ಇಲ್ಲಿಗೇ ನಿಲ್ಲಬಾರದು. ಗುಜರಿಗೆ ಕೊಟ್ಟಿದ್ದರೆ ಬರುತ್ತಿದ್ದ 200 ರೂ. ಬಿಟ್ಟುಕೊಟ್ಟಿದ್ದೇವೆ. ಅರ್ಥಶಾಸ್ತ್ರದಲ್ಲಿ ಇದೇ ಅವಕಾಶ ವೆಚ್ಚ. ನನ್ನ ದುಡಿಮೆ 9 ಗಂಟೆ. ಗಂಟೆಗೆ 50 ರೂ. ಹಿಡಿದರೆ 450 ರೂ. ಎಲ್ಲ ಸೇರಿ 1,830 ರೂ. ಬದಲಿಗೆ ಅಬ್ಬಾ ಕೊಡಿಸುತ್ತೇನೆಂದಿದ್ದ ಬ್ಲೂಟೂತ್ ಸ್ಪೀಕರ್‌ಗೆ 2,500 ರೂ.

ದಾದಾ 1986ರಲ್ಲಿ ಎಷ್ಟು ಕೊಟ್ಟಿದ್ದರು ಎಂಬುದು ಈ ತೀರ್ಮಾನಕ್ಕೆ ಬರುವುದಿಲ್ಲ. ಆ ಹಣ ಎಂದೋ ಖರ್ಚಾಗಿದೆ, ಇಂದಿನ ಯಾವ ನಿರ್ಧಾರದಿಂದಲೂ ಮರಳಿ ಬಾರದು. ಹಾಗೆಯೇ ಪುಸ್ತಕದ ಮೌಲ್ಯವನ್ನೂ ನೋಡೋಣ. ಕೊಂಡ ಬೆಲೆ 5,000 ರೂ. ಎಂದು ಊಹಿಸಿ, ಪ್ರತಿವರ್ಷ ಉಳಿದ ಮೌಲ್ಯದ ಮೇಲೆ ಶೇ. 15ರಂತೆ ಸವಕಳಿ ಕಳೆದರೆ 38 ವರ್ಷಗಳ ನಂತರ ಉಳಿಯುವುದು ಸುಮಾರು 10 ರೂ. ಗುಜರಿಯವರು ತೂಕ ನೋಡಿ 200 ಎಂದರು, ಸವಕಳಿ ವರ್ಷ ನೋಡಿ 10 ಎಂದಿತು. ಎರಡೂ ತಮ್ಮ ತಮ್ಮ ಕ್ರಮದಲ್ಲಿ ಸರಿಯೇ. ಆದರೆ ಒಳಗೆ ಕೆಡದೆ ಉಳಿದ ಭಾಗಗಳನ್ನು ಎರಡೂ ಎಣಿಸಿರಲಿಲ್ಲ.

ಕೇಳಿಸಿದ್ದು

ಹಳೆಯ ಸೆಟ್‌ನ ಕ್ಯಾಸೆಟ್ ಭಾಗ ಕೆಟ್ಟಿದೆ, ಆಂಪ್ಲಿಫೈಯರ್ ಇನ್ನೂ ಓಡುತ್ತದೆ. ಅದರ ಹಿಂದಿನ ಸಾಕೆಟ್‌ಗೆ ಮೊಬೈಲ್ ಜೋಡಿಸಿ ದಾದಾರ ಮಾತು ಹಾಕಿದೆವು. ಗಂಡಸರ ಮಾತಿನ ಮೂಲಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ ನಡುವೆ ಇರುತ್ತದೆ. ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ ಅಷ್ಟು ದಪ್ಪ ಸ್ವರದಲ್ಲಿ ಗಾಳಿ ತಳ್ಳುವ ಶಕ್ತಿ ಇಲ್ಲ. 8 ಇಂಚಿನ ಕೋನ್‌ಗೆ ಇದೆ. ನಾನು ಇಷ್ಟು ವರ್ಷ ತೆಳು ಎಂದುಕೊಂಡಿದ್ದ ಧ್ವನಿ ತೆಳುವಾಗಿರಲಿಲ್ಲ. ಊರಿನ ಮಳೆ, ಮಾವಿನ ಮರ, ಅಬ್ಬಾನ ಶಾಲೆ ಫೀಸು ಇವನ್ನೆಲ್ಲ ಅವರು ಒಂದೊಂದಾಗಿ ವಿಚಾರಿಸುತ್ತಿದ್ದರು. ದಾದಿ ಸ್ವಲ್ಪ ಹೊತ್ತು ಕೇಳಿ, “ಇಷ್ಟು ಜೋರಾಗಿ ಅವರು ಯಾವತ್ತೂ ಮಾತಾಡಿದವರಲ್ಲ, ಸಣ್ಣದು ಮಾಡು” ಎಂದರು. ಅವರು ಸಾಕು ಎನ್ನುವವರೆಗೆ ಸಣ್ಣದು ಮಾಡುತ್ತಾ ಬಂದೆ. ಈಗ ಆಂಪ್ಲಿಫೈಯರ್‌ನ ಗುಂಡಿ ಅದೇ ಜಾಗದಲ್ಲಿದೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇದ್ದರೆ ಗುಜರಿಗೆ ಕೊಡುವ ಮೊದಲು ಅಂಚು, ಕಾಯಿಲ್, ಕೆಪಾಸಿಟರ್ ಈ ಮೂರನ್ನು ನೋಡಿ. ಕಾಯಿಲ್ ತುಂಡಾಗಿ, ಕೋನ್ ಹರಿದು, ಪೆಟ್ಟಿಗೆಗೆ ಗೆದ್ದಲು ಹಿಡಿದಿದ್ದರೆ ಖರ್ಚು ಮಾಡಬೇಡಿ. ಅಂಚು ಮಾತ್ರ ಹೋಗಿದ್ದರೆ ಮೇಲಿನ ಪಟ್ಟಿಯಂತೆ ಲೆಕ್ಕ ಹಾಕಿ. ಸರಿಮಾಡಿದ ಮೇಲೆ ನೇರ ಬಿಸಿಲು ಬೀಳದ, ಗೋಡೆಯ ಥಂಡಿ ತಾಗದ ಕಡೆ ಇಡಿ. ಹೊಸ ಫೋಮ್‌ಗೂ ಆಯುಷ್ಯ ಹತ್ತಿಪ್ಪತ್ತು ವರ್ಷವೇ. ಅದಕ್ಕಾಗಿ ಅಂಚಿನ ಅಳತೆ, ಕೆಪಾಸಿಟರ್‌ನ ಬೆಲೆ, ದುರಸ್ತಿ ಮಾಡಿದ ತಾರೀಕು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದ್ದೇನೆ. ಮುಂದೆ ಬಿಚ್ಚುವವರಿಗೆ ಬೇಕಾದೀತು.